ಕಂಬಿ ಕಳಚಿದರೆ ಗಾಡಿ ಗಟ್ಟಿಯಾಗುವುದಿಲ್ಲ

ಬೆಂಗಳೂರಿನಲ್ಲಿ ಫೋರ್ ಬೈ ಫೋರ್ ಗಾಡಿ ಕೊಂಡವರಿಗೆ ಮೊದಲ ಸರ್ವಿಸ್‌ಗೂ ಮುಂಚೆ ಸಿಗುವ ಉಪದೇಶ ಒಂದಿದೆ: ಸ್ವೇ ಬಾರ್ ಬಿಚ್ಚಿಸಿಬಿಡಿ. ಮಿನರ್ವ ಸರ್ಕಲ್‌ನಿಂದ ಪುರಭವನದವರೆಗೆ ಜೆ.ಸಿ. ರಸ್ತೆಯ ಇಕ್ಕೆಲದ ಬಿಡಿಭಾಗಗಳ ಅಂಗಡಿಗಳಲ್ಲಿ, ದೊಡ್ಡಮಾವಳ್ಳಿಯ ಓಣಿಗಳ ಗ್ಯಾರೇಜುಗಳಲ್ಲಿ, ಶನಿವಾರ ಬೆಳಗ್ಗೆ ಸಕಲೇಶಪುರಕ್ಕೆ ಹೊರಟ ಗೆಳೆಯರ ಗುಂಪಿನಲ್ಲಿ ಇದೇ ಮಾತು. "ಅದಿದ್ರೆ ಗಾಡಿ ಫ್ಲೆಕ್ಸ್ ಆಗಲ್ಲ ಸಾರ್. ತೆಗ್ದು ಬಿಸಾಕಿ, ಏನೂ ಆಗಲ್ಲ." ಸ್ಪ್ಯಾನರ್ ಹಿಡಿದವರಿಗೆ ಅರ್ಧ ಗಂಟೆಯ ಕೆಲಸ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಬಿಚ್ಚಿದ ಮೇಲೆ ಗಾಡಿ ಹೊರಗಿನಿಂದ ಮೊದಲಿನಂತೆಯೇ ಕಾಣುತ್ತದೆ. ಇಷ್ಟು ಸುಲಭವಾಗಿ ಆಗುವ ಕೆಲಸವಾದ್ದರಿಂದಲೇ ಅದರ ಬಗ್ಗೆ ಯಾರೂ ಎರಡನೇ ಬಾರಿ ಯೋಚಿಸುವುದಿಲ್ಲ.

ಯೋಚಿಸಬೇಕು. ಕಾಡುದಾರಿಯ ಹೆಸರಿನಲ್ಲಿ ಸ್ವೇ ಬಾರ್ ಬಿಚ್ಚಿ, ಹಾಗೆಯೇ ಹೆದ್ದಾರಿಯಲ್ಲಿ ಓಡಾಡುವುದು ತಪ್ಪು. ನಮ್ಮ ಗಾಡಿಗಳಿಗೆ, ನಮ್ಮ ದಾರಿಗಳಿಗೆ ಅದರಿಂದ ಸಿಗುವ ಲಾಭ ಅತ್ಯಲ್ಪ. ತಲೆಯ ಮೇಲೆ ಎಳೆದುಕೊಳ್ಳುವ ಅಪಾಯ ದೊಡ್ಡದು. ಆ ಅಪಾಯದ ಪಾಲುದಾರರಲ್ಲಿ ಬಹುಪಾಲು ಮಂದಿಗೆ ತಾವು ಪಾಲುದಾರರು ಎಂಬುದೇ ಗೊತ್ತಿರುವುದಿಲ್ಲ. ಈ ಮೂರನ್ನೂ ಇಲ್ಲಿ ಒಂದೊಂದಾಗಿ ತೋರಿಸುತ್ತೇನೆ. ಎದುರು ಪಕ್ಷದ ವಾದಗಳನ್ನು ಅವು ಎಷ್ಟು ಬಲವಾಗಿವೆಯೋ ಅಷ್ಟೇ ಬಲವಾಗಿ ಮುಂದಿಟ್ಟು ಉತ್ತರಿಸುತ್ತೇನೆ.

ಮೊದಲು ಸ್ವೇ ಬಾರ್ ಎಂಬ ಆ ಕಂಬಿ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಲಿ. ಗಾಡಿಯ ಅಡಿಯಲ್ಲಿ ಎಡಗಾಲಿಯಿಂದ ಬಲಗಾಲಿಯವರೆಗೆ ಅಡ್ಡಲಾಗಿ ಹಾದುಹೋಗುವ, ಎರಡೂ ತುದಿಯಲ್ಲಿ ಬಾಗಿದ ಉಕ್ಕಿನ ಸರಳು ಅದು. ನಡುವೆ ಎರಡು ರಬ್ಬರ್ ಬುಷ್‌ಗಳು ಅದನ್ನು ಚಾಸಿಗೆ ಹಿಡಿದಿರುತ್ತವೆ. ತುದಿಗಳಲ್ಲಿ ಒಂದೊಂದು ಲಿಂಕ್ ರಾಡ್ ಅದನ್ನು ಚಕ್ರದ ಕಡೆಗೆ ಬೆಸೆಯುತ್ತದೆ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಕಂಬಿ ಬುಷ್‌ನೊಳಗೆ ಸುಮ್ಮನೆ ತಿರುಗುತ್ತದೆ, ಏನನ್ನೂ ತಡೆಯುವುದಿಲ್ಲ. ಒಂದು ಚಕ್ರ ಮಾತ್ರ ಎದ್ದರೆ ಅಥವಾ ತಿರುವಿನಲ್ಲಿ ಗಾಡಿಯ ಮೈ ಒಂದು ಪಕ್ಕಕ್ಕೆ ವಾಲಿದರೆ ಆಗ ಕಂಬಿ ತಿರುಚಿಕೊಳ್ಳುತ್ತದೆ, ತಿರುಚಿಕೊಂಡಷ್ಟೂ ವಾಲುವಿಕೆಯನ್ನು ಎದುರಿಸುತ್ತದೆ. ಕೆನಡಾದ ಸ್ಟೀಫನ್ ಕೋಲ್ಮನ್ 1919ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಕಂಬಿಯ ಬಿಗಿತ ಅದರ ದಪ್ಪದ ನಾಲ್ಕನೇ ಘಾತದಷ್ಟು ಏರುತ್ತದೆ. 25 ಮಿಲಿಮೀಟರ್ ಇದ್ದುದನ್ನು 28 ಮಾಡಿದರೆ ಬಿಗಿತ ಒಂದೂವರೆ ಪಟ್ಟನ್ನು ದಾಟುತ್ತದೆ. ಗಾಡಿ ಕಟ್ಟುವ ಎಂಜಿನಿಯರುಗಳು ಒಂದೊಂದು ಮಿಲಿಮೀಟರನ್ನೂ ತೂಗಿ ನೋಡಿ ಆರಿಸುವ ಸರಳು ಅದು. ಕಂಪನಿಯವರು ಸುಮ್ಮನೆ ಸಿಕ್ಕಿಸಿದ ಕಬ್ಬಿಣದ ತುಂಡಲ್ಲ.

ಈಗ ಬಿಚ್ಚುವವರ ಮೊದಲ ವಾದಕ್ಕೆ ಬರೋಣ. ಏರುತಗ್ಗಿನ ದಾರಿಯಲ್ಲಿ ಒಂದು ಚಕ್ರ ಬಂಡೆ ಹತ್ತಿದಾಗ ಇನ್ನೊಂದು ಗುಂಡಿಗೆ ಇಳಿಯಬೇಕು; ಫ್ಲೆಕ್ಸ್ ಎಂದರೆ ಅದೇ. ಕಂಬಿ ಅದನ್ನು ಇಳಿಯಗೊಡದೆ ಮೇಲಕ್ಕೆ ಎಳೆದು ಹಿಡಿಯುತ್ತದೆ. ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಗಾಡಿ ನಿಲ್ಲುತ್ತದೆ. ಕಂಬಿ ಬಿಚ್ಚಿದರೆ ಚಕ್ರ ನೆಲ ಮುಟ್ಟುತ್ತದೆ, ಹಿಡಿತ ಸಿಗುತ್ತದೆ. ಈ ವಾದದಲ್ಲಿ ಸತ್ಯವಿದೆ. ಜೀಪ್ ರ‍್ಯಾಂಗ್ಲರ್‌ನಂತೆ ಮುಂದೆಯೂ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ, ಕ್ಯಾಲಿಫೋರ್ನಿಯಾದ ರೂಬಿಕಾನ್ ಜಾಡು, ಯೂಟಾದ ಮೋಆಬ್ ಮುಂತಾದ ಬಂಡೆಗಳ ನಾಡಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ ತೆವಳುವಾಗ ಕಂಬಿ ಕಳಚಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಮಾವಳ್ಳಿಯ ಗ್ಯಾರೇಜಿಗೆ ಬರುವುದು ಯಾವ ಗಾಡಿ? 2020ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಮಹೀಂದ್ರಾ ಥಾರ್ ಈ ಗೀಳಿನ ಮುಖ್ಯ ಬಲಿ. ಅದರ ಮುಂಭಾಗದಲ್ಲಿ ಗಟ್ಟಿ ಆಕ್ಸಲ್ ಇಲ್ಲ. ಎರಡೂ ಚಕ್ರ ತಂತಮ್ಮ ವಿಶ್‌ಬೋನ್ ತೋಳುಗಳ ಮೇಲೆ ಸ್ವತಂತ್ರವಾಗಿ ನಿಂತಿವೆ. ಗಟ್ಟಿ ಆಕ್ಸಲ್‌ನಲ್ಲಿ ಒಂದು ಚಕ್ರ ಎದ್ದರೆ ಆಕ್ಸಲ್ ಇಡಿಯಾಗಿ ಓರೆಯಾಗಿ ಇನ್ನೊಂದು ಚಕ್ರವನ್ನು ತಾನೇ ನೆಲಕ್ಕೆ ಒತ್ತುತ್ತದೆ. ಸ್ವತಂತ್ರ ಸಸ್ಪೆನ್ಶನ್‌ನಲ್ಲಿ ಆ ಒತ್ತುವಿಕೆ ಇಲ್ಲ. ಅಲ್ಲಿ ಚಕ್ರ ಎಷ್ಟು ಕೆಳಗಿಳಿಯಬಹುದು ಎಂಬುದನ್ನು ಕೊನೆಗೆ ನಿರ್ಧರಿಸುವುದು ವಿಶ್‌ಬೋನ್ ತೋಳಿನ ಉದ್ದ, ಶಾಕ್ ಅಬ್ಸಾರ್ಬರಿನ ಉದ್ದ, ಡ್ರೈವ್ ಶಾಫ್ಟಿನ ಜಾಯಿಂಟ್ ಎಷ್ಟು ಮಡಚಿಕೊಳ್ಳುತ್ತದೆ ಎಂಬ ಮಿತಿ. ಕಂಬಿ ಬಿಚ್ಚಿದರೂ ಆ ಮಿತಿಗಳು ಅಲ್ಲೇ ಇರುತ್ತವೆ. ರ‍್ಯಾಂಗ್ಲರ್‌ನ ಲಾಭವನ್ನು ತೋರಿಸಿ ಥಾರ್‌ನ ಮುಂಭಾಗದ ಕಂಬಿ ಬಿಚ್ಚಿಸುವವರು ಬೇರೊಬ್ಬರ ಜಾತಕ ಹಿಡಿದು ಇವರ ಮದುವೆ ಗೊತ್ತು ಮಾಡುತ್ತಿದ್ದಾರೆ.

ಮಾರುತಿಯ ಜಿಮ್ನಿಯ ಕತೆ ಸ್ವಲ್ಪ ಬೇರೆ. 2023ರಲ್ಲಿ ಐದು ಬಾಗಿಲಿನ ರೂಪದಲ್ಲಿ ಇಲ್ಲಿಗೆ ಬಂದ ಈ ಗಾಡಿಗೆ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಇಲ್ಲಿ ಲಾಭ ತುಸು ಹೆಚ್ಚು ಸಿಗಬೇಕು. ಆದರೆ ಅದರ ಮುಂಭಾಗದ ಆಕ್ಸಲ್ಲನ್ನು ಹಿಡಿದಿರುವ ಉದ್ದನೆಯ ತೋಳುಗಳು, ಅವುಗಳ ರಬ್ಬರ್ ಬುಷ್‌ಗಳು ಆಕ್ಸಲ್ ಓರೆಯಾದಾಗ ತಾವೇ ತಿರುಚಿಕೊಂಡು ಅಡ್ಡಿಯಾಗುತ್ತವೆ. ಕಂಬಿ ಹೋದರೂ ಆ ಬಿಗಿತ ಉಳಿಯುತ್ತದೆ. ಜನ ನಿರೀಕ್ಷಿಸುವ ಫ್ಲೆಕ್ಸ್‌ನ ಒಂದು ಪಾಲು ಮಾತ್ರ ಕೈಗೆ ಬರುತ್ತದೆ.

ಇನ್ನೊಂದು ಮಾತು. ಚಕ್ರ ನೆಲ ಮುಟ್ಟಿದ ಮಾತ್ರಕ್ಕೆ ಹಿಡಿತ ಸಿಗುವುದಿಲ್ಲ. ಹಿಡಿತ ಹುಟ್ಟುವುದು ಭಾರದಿಂದ. ಗುಂಡಿಯೊಳಗೆ ತೂಗಾಡುತ್ತಾ ತುದಿಬೆರಳಿನಲ್ಲಿ ನೆಲ ಸವರುವ ಚಕ್ರದ ಮೇಲೆ ಅದರ ಸ್ವಂತ ತೂಕ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಫೋಟೋದಲ್ಲಿ ಅದು ಸೊಗಸಾಗಿ ಕಾಣುತ್ತದೆ, ಗಾಡಿಯನ್ನು ಮುಂದಕ್ಕೆ ತಳ್ಳುವುದಿಲ್ಲ. ಅದನ್ನು ತಳ್ಳುವುದು ನೆಲದ ಮೇಲೆ ಗಟ್ಟಿಯಾಗಿ ಕೂತ ಇನ್ನೊಂದು ಚಕ್ರ. ಅದಕ್ಕೆ ಶಕ್ತಿ ಕಳಿಸುವ ಏರ್ಪಾಟು ಈಗಿನ ಗಾಡಿಗಳಲ್ಲಿ ಇದ್ದೇ ಇದೆ. ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಮೆಕ್ಯಾನಿಕಲ್ ಲಾಕ್ ಇರುವ ಥಾರ್‌ನಲ್ಲಿ ಒಂದು ಚಕ್ರ ಸುಮ್ಮನೆ ಸುತ್ತತೊಡಗಿದರೆ ಅದು ತಾನಾಗಿಯೇ ಬೀಗಿಕೊಳ್ಳುತ್ತದೆ. ಜಿಮ್ನಿ ಸುತ್ತುವ ಚಕ್ರಕ್ಕೆ ಬ್ರೇಕ್ ಹಾಕಿ ಎದುರಿನ ಚಕ್ರಕ್ಕೆ ಶಕ್ತಿ ದಾಟಿಸುತ್ತದೆ. ಫೋರ್ಸ್ ಗೂರ್ಖಾದಲ್ಲಿ ಮುಂದೆಯೂ ಹಿಂದೆಯೂ ಲಾಕ್ ಇದೆ. ಎದ್ದ ಚಕ್ರದ ಸಮಸ್ಯೆಗೆ ಪರಿಹಾರ ಗಾಡಿಯಲ್ಲೇ ಇರುವಾಗ ಅದನ್ನು ಬಳಸಲು ಕಲಿಯದೆ ಸ್ಪ್ಯಾನರ್ ಎತ್ತುವುದೇಕೆ?

ನಮ್ಮ ನೆಲವನ್ನೂ ನೋಡೋಣ. ಬೆಂಗಳೂರಿನವರು ಕಾಡುದಾರಿಗೆ ಹೋಗುವುದು ಬಹುತೇಕ ಮಲೆನಾಡಿಗೆ, ಕೊಡಗಿಗೆ. ಅಲ್ಲಿ ಮಳೆಗಾಲದಲ್ಲಿ ಗಾಡಿ ಸಿಕ್ಕಿಬೀಳುವುದು ಕೆಮ್ಮಣ್ಣಿನ ರಾಡಿಯಲ್ಲಿ. ಟೈರಿನ ಗೀರುಗಳಲ್ಲಿ ಮಣ್ಣು ತುಂಬಿ ಅದು ನುಣ್ಣಗಿನ ಉರುಳೆಯಾಗುತ್ತದೆ, ಅಥವಾ ಆಳದ ಗಾಡಿಜಾಡಿನ ನಡುದಿಣ್ಣೆಗೆ ಡಿಫರೆನ್ಷಿಯಲ್ ಕೂತುಬಿಡುತ್ತದೆ. ಈ ಎರಡಕ್ಕೂ ಸ್ವೇ ಬಾರ್‌ಗೂ ಸಂಬಂಧವಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಒಳ್ಳೆಯ ಟೈರು, ಸರಿಯಾಗಿ ಇಳಿಸಿದ ಗಾಳಿ, ಸರಿಯಾದ ಗೇರು, ದಾರಿ ಆರಿಸುವ ಕಣ್ಣು. ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿಯ ಕಡೆಯಿಂದ ಮಾಂದಲಪಟ್ಟಿಗೆ ('ಗಾಳಿಪಟ' ಚಿತ್ರದ ಮುಗಿಲುಪೇಟೆಯೆಂದರೆ ಎಲ್ಲರಿಗೂ ಗೊತ್ತು) ದಿನವೂ ಪ್ರವಾಸಿಗಳನ್ನು ಹೊತ್ತು ಹತ್ತುವ ಬಾಡಿಗೆ ಜೀಪುಗಳನ್ನು ನೋಡಿ. ಕಮಾನುಪಟ್ಟಿಯ ಮೇಲೆ ನಿಂತ ಆ ಹಳೆಯ ಜೀಪುಗಳ ಚಕ್ರ ಈ ಹೊಸ ಗಾಡಿಗಳಷ್ಟು ಮೇಲೆ ಕೆಳಗೆ ಆಡುವುದೇ ಇಲ್ಲ. ಆದರೂ ಅವು ಹತ್ತುತ್ತವೆ. ಯಾವ ಕಲ್ಲಿನ ಮೇಲೆ ಎಡಚಕ್ರ ಇಡಬೇಕು, ಎಲ್ಲಿ ಆಕ್ಸಲರೇಟರ್ ಒತ್ತದೆ ಬಿಡಬೇಕು ಎಂಬುದು ಆ ಚಾಲಕರಿಗೆ ಗೊತ್ತು. ಅವರ ಗಾಡಿಯನ್ನು ಮೇಲೆ ಹತ್ತಿಸುವುದು ಆ ತಿಳಿವಳಿಕೆ.

ಈ ಜೀಪುಗಳ ಹೆಸರು ಎತ್ತಿದೊಡನೆ ಎರಡನೇ ವಾದ ಎದ್ದು ನಿಲ್ಲುತ್ತದೆ. "ಹಳೆ ವಿಲ್ಲಿಸ್ ಜೀಪಿಗೆ ಸ್ವೇ ಬಾರೇ ಇರಲಿಲ್ಲ. ನಮ್ಮ ಅಪ್ಪ, ತಾತ ಓಡಿಸಲಿಲ್ಲವೇ?" ಓಡಿಸಿದರು. ಆದರೆ ಆ ಜೀಪಿನ ಕಮಾನುಪಟ್ಟಿ ಗಡುಸು. ವಾಲುವುದನ್ನು ಪಟ್ಟಿಯೇ ಬಹುಮಟ್ಟಿಗೆ ತಡೆಯುತ್ತಿತ್ತು, ಅದಕ್ಕೇ ಅದರ ಸವಾರಿಯಲ್ಲಿ ಬೆನ್ನುಮೂಳೆ ನೋಯುತ್ತಿತ್ತು. ಅದರ ವೇಗವೂ ಆ ಕಾಲದ ರಸ್ತೆಯ ವೇಗ. ಇಂದಿನ ಗಾಡಿಗೆ ಕಾಯಿಲ್ ಸ್ಪ್ರಿಂಗ್ ಹಾಕಿರುವುದು ಮನೆಮಂದಿ ಆರಾಮಾಗಿ ಕೂತು ಹೋಗಲಿ ಎಂದು. ಸ್ಪ್ರಿಂಗನ್ನು ಮೆತ್ತಗೆ ಮಾಡಿದ್ದರಿಂದ ವಾಲುವಿಕೆ ಹೆಚ್ಚುತ್ತದೆ. ಅದನ್ನು ಹಿಡಿಯುವ ಹೊಣೆ ಕಂಬಿಯದು. ಮೆತ್ತಗಿನ ಸ್ಪ್ರಿಂಗ್, ಬಿಗಿಯಾದ ಕಂಬಿ ಎರಡೂ ಒಂದೇ ಲೆಕ್ಕದ ಎರಡು ಸಾಲುಗಳು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಅಳಿಸಿದರೆ ಹಳೆಯ ಜೀಪೂ ಸಿಗುವುದಿಲ್ಲ, ಹೊಸ ಗಾಡಿಯೂ ಉಳಿಯುವುದಿಲ್ಲ. ಯಾರೂ ಪರೀಕ್ಷಿಸದ ಮೂರನೆಯದೊಂದು ಗಾಡಿ ರಸ್ತೆಗೆ ಬರುತ್ತದೆ.

ಮೂರನೇ ವಾದ ಇನ್ನೂ ಜಾಣತನದ್ದು. "ಕಂಬಿ ಬಿಡಿಸಲು ಕಂಪನಿಯವರೇ ಬಟನ್ ಕೊಟ್ಟಿದ್ದಾರಲ್ಲ?" ಎಂಬ ಪ್ರಶ್ನೆ. ಹೌದು, ಕೊಟ್ಟಿದ್ದಾರೆ. ಆ ಬಟನ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದವರು ಕಡಿಮೆ. 2007ರ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಬಂದ ಈ ಸೌಲಭ್ಯ ಮುಂಭಾಗದ ಕಂಬಿಯನ್ನು ಮಾತ್ರ ಬಿಡಿಸುತ್ತದೆ, ಹಿಂದಿನದು ಹಾಗೇ ಇರುತ್ತದೆ. ಫೋರ್ ವೀಲ್ ಹಾಕದಿದ್ದರೆ ಬಟನ್ ಕೆಲಸ ಮಾಡುವುದಿಲ್ಲ. ಭಾರತಕ್ಕೂ ಬಂದಿರುವ ಈಗಿನ ಪೀಳಿಗೆಯಲ್ಲಿ ವೇಗ ಗಂಟೆಗೆ 29 ಕಿಲೋಮೀಟರ್ ದಾಟಿದರೆ ಗಾಡಿ ತಾನಾಗಿಯೇ ಕಂಬಿಯನ್ನು ಮತ್ತೆ ಜೋಡಿಸಲು ಮುಂದಾಗುತ್ತದೆ. ಅಂದರೆ ಬಂಡೆ ಹತ್ತುವುದಕ್ಕೆಂದೇ ಗಾಡಿ ಕಟ್ಟುವ ಕಂಪನಿ ಕೂಡ ಬಿಚ್ಚಿದ ಕಂಬಿಯೊಂದಿಗೆ ಸೈಕಲ್ಲಿನ ವೇಗಕ್ಕಿಂತ ಹೆಚ್ಚಿಗೆ ಹೋಗಲು ಬಿಡುವುದಿಲ್ಲ. ಟೊಯೋಟಾ ಕೆಡಿಎಸ್‌ಎಸ್ ಎಂಬ ಹೈಡ್ರಾಲಿಕ್ ಏರ್ಪಾಟಿಗೆ ಹಣ ಸುರಿದದ್ದೂ ಇದಕ್ಕೇ: ರಸ್ತೆಯಲ್ಲಿ ಕಂಬಿ ಬಿಗಿಯಾಗಿರಬೇಕು, ಏರುತಗ್ಗಿನಲ್ಲಿ ಸಡಿಲವಾಗಬೇಕು, ಎರಡೂ ಒಂದೇ ಗಾಡಿಯಲ್ಲಿ ಸಿಗಬೇಕು. ಬಿಸಾಕಿದರೆ ಆಗುತ್ತದೆ ಎನ್ನುವಂತಿದ್ದರೆ ಇಷ್ಟೆಲ್ಲ ಸಿಲಿಂಡರು, ಕೊಳವೆ, ಕವಾಟಗಳ ಗೋಜು ಬೇಕಿತ್ತೇ? ಬಟನ್ ಇರುವುದೇ ಕಂಬಿ ಬೇಕೇ ಬೇಕು ಎಂಬುದಕ್ಕೆ ಸಾಕ್ಷಿ.

ಈಗ ಅಪಾಯದ ವಿಚಾರ. "ವಾಲುತ್ತೆ ಅಷ್ಟೇ, ಅಭ್ಯಾಸ ಆಗಿಬಿಡುತ್ತೆ" ಎನ್ನುವವರು ವಾಲುವಿಕೆಯನ್ನು ಆರಾಮಕ್ಕೆ ಸಂಬಂಧಿಸಿದ ವಿಷಯವೆಂದು ತಿಳಿದಿದ್ದಾರೆ. ಸ್ವಲ್ಪ ಲೆಕ್ಕ ಹಾಕೋಣ. 1,750 ಕೆ.ಜಿ. ತೂಕದ, ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿ ಗುರುತ್ವ ಕೇಂದ್ರ ಇರುವ, ಚಕ್ರದಿಂದ ಚಕ್ರಕ್ಕೆ 1.52 ಮೀಟರ್ ಅಗಲದ ಗಾಡಿಯೊಂದನ್ನು ಊಹಿಸಿಕೊಳ್ಳಿ. ಅದು ಗುರುತ್ವದ ಅರ್ಧದಷ್ಟು ಬಲದಲ್ಲಿ ಪಕ್ಕಕ್ಕೆ ತಿರುಗಿದರೆ ಸುಮಾರು 430 ಕೆ.ಜಿ. ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ದಾಟುತ್ತದೆ. ಕಂಬಿ ಇದ್ದರೂ ಬಿಚ್ಚಿದರೂ ಈ ಮೊತ್ತ ಹೆಚ್ಚುಕಡಿಮೆ ಅಷ್ಟೇ. ಆ ಭಾರವನ್ನು ಮುಂದಿನ ಆಕ್ಸಲ್ ಎಷ್ಟು ಹೊರಬೇಕು, ಹಿಂದಿನದು ಎಷ್ಟು ಹೊರಬೇಕು ಎಂದು ಹಂಚುವ ಕೆಲಸದಲ್ಲಿ ಕಂಬಿಗೆ ದೊಡ್ಡ ಪಾತ್ರವಿದೆ. ಮುಂದಿನ ಕಂಬಿಯೊಂದನ್ನೇ ತೆಗೆದರೆ ಹಿಂದಿನ ಆಕ್ಸಲ್‌ನ ಪಾಲು ಏರುತ್ತದೆ. ಟೈರಿನ ಮೇಲೆ ಭಾರ ಏರಿದಷ್ಟೇ ಪ್ರಮಾಣದಲ್ಲಿ ಅದರ ಹಿಡಿತ ಏರುವುದಿಲ್ಲ; ಹಾಗಾಗಿ ಹಿಂದಿನ ಚಕ್ರಗಳು ಮೊದಲು ಜಾರುವ ಕಡೆಗೆ ಗಾಡಿಯ ಸ್ವಭಾವ ಸರಿಯುತ್ತದೆ. ಮುಂಭಾಗ ಜಾರಿದರೆ ಆಕ್ಸಲರೇಟರ್‌ನಿಂದ ಕಾಲು ತೆಗೆದು ಸಾಮಾನ್ಯ ಚಾಲಕನೂ ಸುಧಾರಿಸಿಕೊಳ್ಳಬಲ್ಲ. ಹಿಂಭಾಗ ತಿರುಗಿಕೊಂಡರೆ ಸುಧಾರಿಸಿಕೊಳ್ಳುವವರು ಕಡಿಮೆ. ಮುಂದೆ ಮೊದಲು ಜಾರಲಿ ಎಂದೇ ಕಂಪನಿ ಈ ಹಂಚಿಕೆಯನ್ನು ಹೊಂದಿಸಿರುತ್ತದೆ. ಗ್ಯಾರೇಜಿನಲ್ಲಿ ಅರ್ಧ ಗಂಟೆಯಲ್ಲಿ ನಾವು ಅದನ್ನು ಕೆಡಿಸುತ್ತೇವೆ.

ಹಾಸನ ರಸ್ತೆಯಲ್ಲಿ ಇದು ಹೇಗೆ ಎದುರಾಗುತ್ತದೆ ಎಂದು ಹೇಳುತ್ತೇನೆ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ಅಷ್ಟೂ ದೂರ ಟಾರು. ಗಾಡಿ 90ರಲ್ಲಿದೆ. ಹಿಂದಿನ ಸೀಟಿನಲ್ಲಿ ಮಕ್ಕಳು, ಮಾಡಿನ ಮೇಲೆ ಟೆಂಟು. ಯಾವುದೋ ಹಳ್ಳಿಯ ಬಳಿ ವಿಭಜಕದ ಸಂದಿನಿಂದ ಒಂದು ಮೊಪೆಡ್ ಹಠಾತ್ತನೆ ಬಲದಿಂದ ತೂರಿಬರುತ್ತದೆ. ಚಾಲಕ ಸ್ಟಿಯರಿಂಗನ್ನು ಎಡಕ್ಕೆ ಎಳೆಯುತ್ತಾನೆ. ಗಾಡಿಯ ಮೈ ಬಲಕ್ಕೆ ವಾಲುತ್ತದೆ. ಮೊಪೆಡ್ ತಪ್ಪುತ್ತದೆ. ಎಡಗಡೆ ರಸ್ತೆಯಂಚು ಎದುರಾಗಿರುವುದರಿಂದ ತಕ್ಷಣ ಬಲಕ್ಕೆ ತಿರುಗಿಸಲೇಬೇಕು. ಆ ಎರಡನೇ ತಿರುವೇ ಗಂಡಾಂತರದ್ದು. ಬಲಕ್ಕೆ ವಾಲಿದ್ದ ಮೈ ಸ್ಪ್ರಿಂಗುಗಳ ಒತ್ತಡದಿಂದ ಬಿಡಿಸಿಕೊಂಡು ರಭಸದಿಂದ ಎಡಕ್ಕೆ ಬೀಳುತ್ತದೆ. ಮೊದಲ ವಾಲುವಿಕೆಗೆ ಎರಡನೇ ತಿರುವಿನ ಬಲ ಸೇರಿಕೊಳ್ಳುತ್ತದೆ. ಕಂಬಿ ಇದ್ದರೆ ಮೈ ಮೊದಲ ಬಾರಿಯೇ ಕಡಿಮೆ ವಾಲಿರುತ್ತಿತ್ತು, ಎರಡನೇ ಬಾರಿ ಬೀಳುವ ದೂರವೂ ಕಡಿಮೆಯಿರುತ್ತಿತ್ತು. ಇಲ್ಲದಿದ್ದರೆ ಮೊದಲು ಹಿಂಭಾಗ ಕಿತ್ತುಕೊಳ್ಳುತ್ತದೆ, ಆಮೇಲೆ ಒಳಗಿನ ಚಕ್ರ ನೆಲ ಬಿಡುತ್ತದೆ. ಇದೆಲ್ಲ ಮುಗಿಯುವುದಕ್ಕೆ ಎರಡು ಮೂರು ಸೆಕೆಂಡು ಸಾಕು. ಅಭ್ಯಾಸವಾಗಿದೆ ಎನ್ನುವವರಿಗೆ ಅಭ್ಯಾಸವಾಗಿರುವುದು ಮಾಮೂಲಿ ತಿರುವು. ಈ ಎರಡು ಮೂರು ಸೆಕೆಂಡಿಗೆ ಯಾರೂ ಅಭ್ಯಾಸ ಮಾಡಿರುವುದಿಲ್ಲ.

ಇದು ಬರೀ ಊಹೆಯಲ್ಲ. 1997ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಟೆಕ್ನಿಕೆನ್ಸ್ ವರ್ಲ್ಡ್ ಪತ್ರಿಕೆ ಮರ್ಸಿಡಿಸ್ ಎ ಕ್ಲಾಸ್ ಕಾರನ್ನು ಇಂಥದ್ದೇ ಎಡಬಲದ ತಿರುವಿನ ಪರೀಕ್ಷೆಗೆ ಒಡ್ಡಿದಾಗ ಕಾರು ಮಗುಚಿಬಿತ್ತು. ಅಲ್ಲಿನ ರಸ್ತೆಗೆ ಅಡ್ಡ ಬರುವ ಮೂಸ್ ಪ್ರಾಣಿಯ ಹೆಸರಿನ ಪರೀಕ್ಷೆ ಅದು. ಮರ್ಸಿಡಿಸ್ ಮಾರಾಟ ನಿಲ್ಲಿಸಿ ಸಸ್ಪೆನ್ಶನ್ ಬದಲಿಸಿತು, ಜಾರುವಿಕೆಯನ್ನು ತಡೆಯುವ ಇಎಸ್‌ಪಿ ಎಂಬ ಏರ್ಪಾಟನ್ನು ಎಲ್ಲ ಎ ಕ್ಲಾಸ್ ಕಾರುಗಳಿಗೂ ಅಳವಡಿಸಿತು. ಅದು ಎತ್ತರದ ಫೋರ್ ಬೈ ಫೋರ್ ಕೂಡ ಅಲ್ಲ, ಪುಟ್ಟ ಕಾರು. ಎಲ್ಲ ಭಾಗಗಳೂ ಸ್ವಸ್ಥಾನದಲ್ಲಿದ್ದ ಹೊಚ್ಚಹೊಸ ಕಾರು ಆ ತಿರುವಿನಲ್ಲಿ ಸೋತಿತು. ನಮ್ಮಲ್ಲಿ ಮೂಸ್ ಇಲ್ಲ. ಎಮ್ಮೆ, ನಾಯಿ, ತಪ್ಪು ದಿಕ್ಕಿನಲ್ಲಿ ಬರುವ ಟ್ರ್ಯಾಕ್ಟರ್ ಎಲ್ಲ ಹೆದ್ದಾರಿಯಲ್ಲೂ ಇವೆ. ಸ್ವೀಡನ್ನಿನವರಿಗಿಂತ ಈ ತಿರುವು ನಮಗೇ ಹೆಚ್ಚು ಬೇಕಾಗುತ್ತದೆ.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಗಾಡಿ ಮಗುಚುವ ಸಾಧ್ಯತೆಯನ್ನು ಅಳೆಯಲು ಸರಳ ಸೂತ್ರ ಬಳಸುತ್ತದೆ: ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುವುದು. ಸಾಮಾನ್ಯ ಕಾರುಗಳಿಗೆ ಇದು 1.3ರಿಂದ 1.5ರವರೆಗೆ ಬಂದರೆ, ಎಸ್‌ಯುವಿಗಳಿಗೆ ಬಹುತೇಕ 1ರಿಂದ 1.3ರ ನಡುವೆ. ಎತ್ತರದ ಗಾಡಿ ಮೊದಲೇ ಕಡಿಮೆ ಬಂಡವಾಳದಿಂದ ಶುರು ಮಾಡುತ್ತದೆ. ಜೆ.ಸಿ. ರಸ್ತೆಯಲ್ಲಿ ಅದಕ್ಕೆ ನಾವು ಮಾಡುವುದೇನು? ಲಿಫ್ಟ್ ಕಿಟ್ ಹಾಕಿಸಿ ಎರಡಿಂಚು ಎತ್ತುತ್ತೇವೆ. ದೊಡ್ಡ ಟೈರು ಹಾಕಿಸಿ ಇನ್ನಷ್ಟು ಎತ್ತುತ್ತೇವೆ. ಮಾಡಿನ ಮೇಲೆ ಕ್ಯಾರಿಯರ್, ಅದರ ಮೇಲೆ ಟೆಂಟು, ನೀರಿನ ಕ್ಯಾನು, ಸ್ಟೆಪ್ನಿ. ಗುರುತ್ವ ಕೇಂದ್ರವನ್ನು ಸಾಧ್ಯವಾದಷ್ಟು ಮೇಲೆ ತಂದ ಮೇಲೆ ಅದರ ವಾಲುವಿಕೆಯನ್ನು ತಡೆಯುವ ಕಂಬಿಯನ್ನು ಕಳಚುತ್ತೇವೆ. ದಪ್ಪ ಕಂಬಿ ಬೇಕಾಗಿದ್ದ ಗಾಡಿಗೆ ಕಂಬಿಯೇ ಇಲ್ಲದಂತೆ ಮಾಡುತ್ತೇವೆ. ಈ ಸ್ಥಿತಿಯಲ್ಲಿ ಚಾರ್ಮಾಡಿಯ ತಿರುವುಗಳನ್ನು ಇಳಿಯುವ ಗಾಡಿಯ ಹಿಂದೆ ಬಂದವರಿಗೆ ಅದು ಪ್ರತಿ ತಿರುವಿನಲ್ಲೂ ಎಷ್ಟು ವಾಲಿ ನಿಲ್ಲುತ್ತದೆ ಎಂಬುದು ಗೊತ್ತು.

"ಇಎಸ್‌ಪಿ ಇದೆಯಲ್ಲ, ಕಾಪಾಡುತ್ತೆ" ಎಂಬುದು ನಾಲ್ಕನೇ ವಾದ. ಇಎಸ್‌ಪಿ ಚಕ್ರಗಳಿಗೆ ಬಿಡಿಬಿಡಿಯಾಗಿ ಬ್ರೇಕ್ ಹಾಕಿ ಗಾಡಿಯ ಮುಖವನ್ನು ದಾರಿಗೆ ತರುವ ಗಣಕ. ಯಾವ ಹೊತ್ತಿನಲ್ಲಿ, ಯಾವ ಚಕ್ರಕ್ಕೆ, ಎಷ್ಟು ಬ್ರೇಕ್ ಎಂಬ ಅದರ ತೀರ್ಮಾನಗಳೆಲ್ಲ ಕಂಪನಿಯ ಪರೀಕ್ಷಾ ಮೈದಾನದಲ್ಲಿ ಓಡಿಸಿ ಹೊಂದಿಸಿದವು. ಓಡಿಸಿದ್ದು ಕಂಬಿ ಇದ್ದ ಗಾಡಿಯನ್ನು. ಕಂಬಿ ಹೋಗಿದೆ ಎಂದು ಅದಕ್ಕೆ ಯಾರೂ ಹೇಳಿಲ್ಲ. ಟೈರಿನಿಂದ ಸಿಗುವ ಹಿಡಿತವನ್ನು ಅದು ಹಂಚಬಲ್ಲದು, ಹೊಸದಾಗಿ ಹುಟ್ಟಿಸಲಾರದು. ಅದರ ಮೇಲೆ ಪೂರ್ತಿ ಭಾರ ಹಾಕುವುದೆಂದರೆ ಕೊನೆಯ ರಕ್ಷಣೆಯನ್ನೇ ಮೊದಲನೆಯದಾಗಿ ಬಳಸಿದಂತೆ.

ಐದನೆಯ ವಾದ ಮಾತ್ರ ನಿಜವಾದ ಅನುಭವದಿಂದ ಬಂದದ್ದು: ಬಿಚ್ಚಿದ ಮೇಲೆ ಗಾಡಿ ಮೆತ್ತಗಾಗುತ್ತದೆ, ಒಂದೇ ಪಕ್ಕದ ಗುಂಡಿಗೆ ತಲೆ ಅತ್ತಿತ್ತ ಎಗರುವುದು ನಿಲ್ಲುತ್ತದೆ. ಸರಿ. ಒಂದು ಚಕ್ರದ ಹೊಡೆತ ಇನ್ನೊಂದಕ್ಕೆ ದಾಟುವುದು ಕಂಬಿಯ ಮೂಲಕವೇ. ಬೆಂಗಳೂರಿನ ಗುಂಡಿಗಳ ನಡುವೆ 30ರ ವೇಗದಲ್ಲಿ ಅದು ಹಿತವಾಗಿಯೇ ಕಾಣುತ್ತದೆ. ಆದರೆ ಈ ಮೆತ್ತನೆಯ ಸುಖದ ಹಿಂದೆ ಹಲವು ಬಾರಿ ಇನ್ನೊಂದು ಕಾರಣ ಅಡಗಿರುತ್ತದೆ. ಗ್ಯಾರೇಜಿನ ನೆಲದ ಮೇಲೆ ಬಿಚ್ಚಿಟ್ಟ ಲಿಂಕ್ ರಾಡೊಂದನ್ನು ಕೈಗೆತ್ತಿಕೊಂಡು ಅದರ ತುದಿಯ ಬಾಲ್ ಜಾಯಿಂಟನ್ನು ಹೆಬ್ಬೆರಳಿನಿಂದ ಅಲುಗಿಸಿ ನೋಡಿ. ಒಳ್ಳೆಯದಾದರೆ ಬೆರಳಿಗೆ ಬಿಗಿಯಾಗಿ ಎದುರು ನಿಲ್ಲುತ್ತದೆ. ಸವೆದಿದ್ದರೆ ತಾನಾಗಿಯೇ ತೂಗಾಡುತ್ತದೆ. ರಬ್ಬರ್ ಬೂಟು ಹರಿದು ಒಳಗಿನ ಗ್ರೀಸು ಮಣ್ಣು ಸೇರಿ ಕಪ್ಪು ಮರಳಾಗಿರುತ್ತದೆ. ಪ್ರತಿ ಗುಂಡಿಗೂ ಬರುತ್ತಿದ್ದ ಟಕ್ ಟಕ್ ಶಬ್ದ ಅದರದ್ದು. ಮಾಲೀಕರು ಶಬ್ದ ಎಂದು ಬರುತ್ತಾರೆ, ಕಂಬಿ ಬಿಚ್ಚಿದೊಡನೆ ಶಬ್ದ ಹೋಗುತ್ತದೆ, ಗಾಡಿ ರಿಪೇರಿಯಾಯಿತು ಎಂದುಕೊಳ್ಳುತ್ತಾರೆ. ಆ ಲಿಂಕ್ ರಾಡಿನ ಜೋಡಿ, ಬುಷ್‌ಗಳ ಒಂದು ಸೆಟ್ಟು ಎಲ್ಲ ಸೇರಿದರೂ ಒಂದು ದೊಡ್ಡ ಟೈರಿನ ಬೆಲೆಯ ಸಣ್ಣ ಪಾಲು. ಅದನ್ನು ಬದಲಿಸುವುದು ರಿಪೇರಿ. ಕಂಬಿ ಕಿತ್ತುಹಾಕುವುದು ರಿಪೇರಿಯಲ್ಲ.

ಅರೆಬರೆ ಬಿಚ್ಚುವುದು ಇನ್ನೂ ಕೆಟ್ಟದ್ದು. ಒಂದೇ ಪಕ್ಕದ ಲಿಂಕ್ ಬಿಚ್ಚಿ ಕಂಬಿಯನ್ನು ಹಾಗೇ ತೂಗಾಡಲು ಬಿಟ್ಟ ಗಾಡಿಗಳಿವೆ. ಚಕ್ರ ಕುಣಿದಾಗ ಆ ಬಿಡಿತುದಿ ಬ್ರೇಕ್ ಹೋಸಿಗೆ, ಡ್ರೈವ್ ಶಾಫ್ಟಿನ ಬೂಟಿಗೆ ಬಡಿಯುತ್ತಿರುತ್ತದೆ. ಚಕ್ರ ಹೆಚ್ಚು ಕೆಳಗಿಳಿಯುವ ಕಡೆ ಬ್ರೇಕ್ ಹೋಸು ಕಂಪನಿ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಎಳೆದುಕೊಳ್ಳುವ ಸಾಧ್ಯತೆಯೂ ಇದೆ. ಇದನ್ನೆಲ್ಲ ನೋಡದೆ "ಏನೂ ಆಗಲ್ಲ" ಎನ್ನುವ ಮಾತು ಬರೀ ಬಾಯಿಮಾತು.

ಈ ಚಾಳಿ ಇಷ್ಟು ಹರಡಿರುವುದಕ್ಕೆ ಎರಡು ಕಾರಣಗಳಿವೆ. ಒಂದು ಫೋಟೋ. ಫ್ಲೆಕ್ಸ್ ಅಳೆಯಲು ಅಮೆರಿಕದಲ್ಲಿ 20 ಡಿಗ್ರಿಯ ಇಳಿಜಾರು ಹಲಗೆಯ ಮೇಲೆ ಒಂದೇ ಚಕ್ರ ಹತ್ತಿಸಿ ಎಷ್ಟು ದೂರ ಹೋಯಿತೆಂದು ನೋಡಿ ಅಂಕ ಕೊಡುವ ಪದ್ಧತಿಯಿದೆ. ನಮ್ಮ ಆಫ್‌ರೋಡ್ ಕೂಟಗಳಲ್ಲೂ ಎಡಬಲ ಗುಂಡಿ ತೋಡಿ ಗಾಡಿಗಳನ್ನು ತಿರುಚಿಸುವುದುಂಟು. ಒಂದು ಚಕ್ರ ಆಕಾಶಕ್ಕೆ, ಇನ್ನೊಂದು ಪಾತಾಳಕ್ಕೆ ಚಾಚಿದ ಚಿತ್ರ ಎಲ್ಲರ ಮೊಬೈಲಿಗೂ ಹೋಗುತ್ತದೆ. ಟೈರಿನ ಗಾಳಿ ಸರಿಯಾಗಿ ಇಳಿಸಿದವನ, ಇಳಿದು ನಡೆದು ದಾರಿ ನೋಡಿಕೊಂಡು ಬಂದವನ ಚಿತ್ರ ಯಾರೂ ತೆಗೆಯುವುದಿಲ್ಲ. ಇನ್ನೊಂದು ಕಾರಣ, ಈ ಬದಲಾವಣೆ ಯಾರ ಕಣ್ಣಿಗೂ ಬೀಳದಿರುವುದು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧವೆಂದು ಹೇಳಿ ಕ್ರಮಕ್ಕೆ ಸೂಚಿಸಿತು. ಮೂತಿಯ ಮುಂದಿನ ಕಬ್ಬಿಣ ಪೊಲೀಸರಿಗೆ ಕಾಣುತ್ತದೆ. ಹೊಟ್ಟೆಯಡಿಯಿಂದ ಹೋದ ಕಬ್ಬಿಣ ಯಾರಿಗೂ ಕಾಣುವುದಿಲ್ಲ. ಆರ್‌ಸಿಯಲ್ಲೂ ಅದರ ಹೆಸರಿಲ್ಲ. ಹಾಗಾಗಿ ಅದನ್ನು ತಡೆಯಬೇಕಾದವರು ನಾವೇ.

ಇದು ನನ್ನ ಗಾಡಿ, ನನ್ನ ಇಷ್ಟ ಎನ್ನುವವರಿಗೆ ನನ್ನ ಉತ್ತರ ನೇರವಾಗಿದೆ. ಗಾಡಿ ನಿಮ್ಮದು, ರಸ್ತೆ ನಿಮ್ಮೊಬ್ಬರದಲ್ಲ. ಹಿಂದಿನ ಸೀಟಿನ ತಾಯಿಗೆ ಕಂಬಿ ಇಲ್ಲವೆಂದು ಗೊತ್ತಿಲ್ಲ. ಎದುರಿನಿಂದ ಬರುವ ಸ್ಕೂಟರಿನವನಿಗೆ ಗೊತ್ತಿಲ್ಲ. ನೀವು ಮೂರು ವರ್ಷ ಓಡಿಸಿ ಮಾರಿದ ಗಾಡಿಯನ್ನು ಕೊಂಡು ಮಗಳನ್ನು ಹಾಸ್ಟೆಲ್ಲಿಗೆ ಬಿಡಲು ಹೊರಟವನಿಗೆ ಅದು ಎಂದೆಂದಿಗೂ ಗೊತ್ತಾಗುವುದಿಲ್ಲ. ಬಿಚ್ಚಿದ ಕಂಬಿ ದೊಡ್ಡಮಾವಳ್ಳಿಯ ಯಾವುದೋ ಗ್ಯಾರೇಜಿನ ಮೂಲೆಯಲ್ಲಿ ಗುಜರಿಯವನ ದಾರಿ ಕಾಯುತ್ತಿರುತ್ತದೆ. ಕಾಡುದಾರಿಯ ಆ ಕೆಲವು ಕಿಲೋಮೀಟರಿನ ಸಾಹಸ ನಿಮ್ಮ ಆಯ್ಕೆ. ಹೆದ್ದಾರಿಯ ನಾನೂರು ಕಿಲೋಮೀಟರಿನ ಅಪಾಯ ಇವರು ಯಾರೂ ಆರಿಸಿಕೊಂಡದ್ದಲ್ಲ.

ಹಾಗಾದರೆ ಮಾಡಬೇಕಾದ್ದೇನು? ಗಟ್ಟಿ ಆಕ್ಸಲ್ಲಿನ ಗಾಡಿಯಿದ್ದು, ನಿಜವಾಗಿ ಬಂಡೆ ಹತ್ತುವವರಿದ್ದರೆ, ಉಪಕರಣವಿಲ್ಲದೆ ಪಿನ್ ಎಳೆದು ಬಿಡಿಸುವ ಕ್ವಿಕ್ ಡಿಸ್ಕನೆಕ್ಟ್ ಲಿಂಕ್‌ಗಳನ್ನು ಹಾಕಿಸಿಕೊಳ್ಳಿ. ಜಾಡಿನ ಬಾಯಿಯಲ್ಲಿ ಎರಡೂ ಪಕ್ಕ ಬಿಡಿಸಿ, ಕಂಬಿಯನ್ನು ಮೇಲಕ್ಕೆ ಕಟ್ಟಿ, ನಡಿಗೆಯ ವೇಗದಲ್ಲಿ ಹೋಗಿ. ಟಾರು ಮುಟ್ಟುವ ಮುನ್ನ ಮತ್ತೆ ಜೋಡಿಸಿ. ಇದು ಕಷ್ಟವೆನ್ನಬೇಡಿ. 30 ಪಿಎಸ್‌ಐ ಇದ್ದ ಗಾಳಿಯನ್ನು 18ಕ್ಕೆ ಇಳಿಸಿ, ಹಿಂದಿರುಗುವಾಗ ಕಂಪ್ರೆಸರ್ ಹಚ್ಚಿ ನಾಲ್ಕೂ ಟೈರಿಗೆ ಮತ್ತೆ ತುಂಬಿಸುವ ಶಿಸ್ತು ಎಷ್ಟೋ ಜನರಿಗೆ ಈಗಾಗಲೇ ಇದೆ. ಇಳಿಸಿದ ಗಾಳಿಯಲ್ಲೇ ಬೆಂಗಳೂರಿಗೆ ಬರಬಾರದೆಂದು ತಿಳಿದವರಿಗೆ ಬಿಚ್ಚಿದ ಕಂಬಿಯಲ್ಲಿ ಬರಬಾರದೆಂಬುದು ತಿಳಿಯದ ಮಾತೇನಲ್ಲ. ಉಳಿದವರು, ಅಂದರೆ ನಮ್ಮಲ್ಲಿ ಹೆಚ್ಚಿನವರು, ಕಂಬಿಗೆ ಕೈ ಹಚ್ಚಲೇಬೇಡಿ. ಆ ಲಿಂಕ್‌ಗಳ ಹಣವನ್ನು ಟೈರಿಗೆ ಹಾಕಿ. ಒಂದು ದಿನ ಬಲ್ಲವರ ಪಕ್ಕದಲ್ಲಿ ಕೂತು ಲೋ ರೇಂಜ್ ಯಾವಾಗ ಹಾಕಬೇಕು, ಡಿಫ್ ಲಾಕ್ ಯಾವಾಗ ಬಿಡಬೇಕು ಎಂದು ಕಲಿಯಿರಿ.

ಗ್ಯಾರೇಜಿನವರಿಗೂ ಒಂದು ಮಾತು. ಮಾವಳ್ಳಿ, ಕಲಾಸಿಪಾಳ್ಯದ ಮೆಕ್ಯಾನಿಕ್ಕುಗಳ ಕೈಚಳಕಕ್ಕೆ ರಾಜ್ಯದಲ್ಲೆಲ್ಲ ಗೌರವವಿದೆ; ಕಂಪನಿಯವರು ಬಿಡಿಭಾಗ ಇಲ್ಲವೆಂದು ಕೈಚೆಲ್ಲಿದ ಗಾಡಿಯನ್ನು ಇಲ್ಲಿ ಎಬ್ಬಿಸಿ ಕಳಿಸುತ್ತಾರೆ. ಆ ಗೌರವ ಇರುವುದರಿಂದಲೇ ಅವರ "ಏನೂ ಆಗಲ್ಲ" ಎಂಬ ಮಾತನ್ನು ಗಿರಾಕಿ ಪ್ರಶ್ನಿಸದೆ ಒಪ್ಪುತ್ತಾನೆ. ಕಂಬಿ ಬಿಚ್ಚಿ ಎಂದು ಬಂದವನಿಗೆ ಮೊದಲು ಲಿಂಕ್ ರಾಡ್ ತೋರಿಸಿ, ಬುಷ್ ತೋರಿಸಿ, ಸವೆದದ್ದನ್ನು ಬದಲಿಸಿ. ಹಟ ಹಿಡಿದರೆ ಬಿಲ್ಲಿನ ಮೇಲೆ ಬಿಚ್ಚಿದ್ದೇವೆ ಎಂದು ಬರೆದು, ಕಂಬಿಯನ್ನು ಅವನ ಗಾಡಿಯಲ್ಲೇ ಇಟ್ಟು ಕಳಿಸಿ. ಗಾಡಿ ಮಾರುವವರು ಕೊಳ್ಳುವವನಿಗೆ ಬಾಯಿಬಿಟ್ಟು ಹೇಳಲಿ. ಹಳೆಯ ಫೋರ್ ಬೈ ಫೋರ್ ಕೊಳ್ಳುವವರು ದುಡ್ಡು ಕೊಡುವ ಮುನ್ನ ಟಾರ್ಚ್ ಹಿಡಿದು ಅಡಿಗೆ ಬಗ್ಗಿ ಕಂಬಿ ಇದೆಯೇ ಎಂದು ನೋಡಲಿ. ಆಫ್‌ರೋಡ್ ಕೂಟ ನಡೆಸುವವರು, ಜಾಡಿನಿಂದ ಹೊರಬಿದ್ದ ಪ್ರತಿ ಗಾಡಿಯೂ ಕಂಬಿ ಜೋಡಿಸಿಕೊಂಡೇ ಹೆದ್ದಾರಿ ಹತ್ತಬೇಕೆಂದು ನಿಯಮ ಮಾಡಲಿ. ಗಾಳಿ ತುಂಬಿಸುವ ನಿಯಮದ ಪಕ್ಕದಲ್ಲೇ ಅದನ್ನೂ ಬರೆಯಲಿ. ಇದರಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಬಿಚ್ಚಿದ್ದು ಅರ್ಧ ಗಂಟೆಯ ಕೆಲಸವಾದರೆ ಜೋಡಿಸುವುದೂ ಅಷ್ಟೇ. ಈ ವಾರವೇ ಮಾಡಿಸಿ.